ಸೀರೆ ಚಪ್ಪರದ ಪಿರಮಿಡ್ಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿಕಂದರಾಬಾದಿನ ಆಚೆ, ಮೌಲಾಲಿ ಗುಡ್ಡದ ಮೆಟ್ಟಿಲುಗಳ ಮೇಲೆ ನಾಲ್ಕು ಜನ ನಿಂತು ಒಂದು ಹಳೇ ಇಳಕಲ್ ಸೀರೆಯನ್ನು ಸೊಂಟದೆತ್ತರಕ್ಕೆ ಚಪ್ಪರದಂತೆ ಹಿಡಿದಿದ್ದಾರೆ. ಅದರ ಅಡಿಯಲ್ಲಿ ಒಬ್ಬ ನಿವೃತ್ತ ಎಂಜಿನಿಯರು, ಅವರ ಹಿಂದೆ ಅವರ ಹೆಂಡತಿ, ಅವರ ಹಿಂದೆ ಒಬ್ಬ ಮಾಜಿ ತಹಸೀಲ್ದಾರರು ಬೆನ್ನು ಬಗ್ಗಿಸಿಕೊಂಡು ಏದುಸಿರು ಬಿಡುತ್ತ ಹತ್ತುತ್ತಿದ್ದಾರೆ. ಮೇಲಿನ ದರ್ಗಾಕ್ಕೆ ಹೊರಟ ಅಜ್ಜನೊಬ್ಬ ಇದನ್ನು ಕಂಡು ನಿಂತುಬಿಡುತ್ತಾನೆ. "ಕ್ಯಾ ಮನ್ನತ್ ಹೈ ಅಮ್ಮಾ?" ಯಾವ ಹರಕೆ ಇದು ಎಂದು ಅವನ ಪ್ರಶ್ನೆ.

"ಮನ್ನತ್ ನೈ ಚಾಚಾ, ಮಿಸರ್ ಕು ಜಾರೈಂ," ಎನ್ನುತ್ತಾಳೆ ಸೀರೆಯ ಒಂದು ತುದಿ ಹಿಡಿದ ಬಂಡೆಮ್ಮ. ಹರಕೆಯಲ್ಲ, ಈಜಿಪ್ಟಿಗೆ ಹೊರಟಿದ್ದೇವೆ ಅಂತ. ಅಜ್ಜ ಅವಳನ್ನೊಮ್ಮೆ, ಸೀರೆಯನ್ನೊಮ್ಮೆ ನೋಡಿ, ದುಆ ಮಾಡಿ ಮುಂದೆ ಹೋಗುತ್ತಾನೆ.

ಬಂಡೆಮ್ಮ ಸುಳ್ಳು ಹೇಳಿಲ್ಲ. ಬರುವ ವಾರ ಇಲ್ಲಿ ಸೇರಿರುವ ಹದಿನಾರು ಜನ ಹೈದರಾಬಾದಿನಲ್ಲಿ ವಿಮಾನ ಹತ್ತುತ್ತಾರೆ. ಕೈರೋದಲ್ಲಿ ಇಳಿದ ಮರುದಿನ ಬೆಳಗ್ಗೆ ಗಿಜಾದ ಪಿರಮಿಡ್ಡು, ಮಧ್ಯಾಹ್ನದ ಮೇಲೆ ಸಕ್ಕಾರಾದ ಗೋರಿಗಳು. ದೊಡ್ಡ ಪಿರಮಿಡ್ಡಿನ ಒಳದಾರಿ ಕಡಿದಾದ ಏರು, ತಲೆ ಎತ್ತುವಂತಿಲ್ಲ. ಮುದುಕರಾದವರಿಗೆ ಅದು ಆದೀತೋ ಇಲ್ಲವೋ ಎನ್ನುವುದನ್ನು ಇಲ್ಲೇ, ಊರ ಗುಡ್ಡದ ಮೇಲೆ, ಸೀರೆಯ ಕೆಳಗೆ ನಡೆಸಿ ನೋಡಿಬಿಡುವುದು ಬಂಡೆಮ್ಮನ ಪದ್ಧತಿ. ಪಾಸಾದವರು ಸೀರೆ ಹಿಡಿಯಬೇಕು, ಹಿಂದಿನವರು ನುಗ್ಗಬೇಕು.

ಸುಲ್ತಾನ್ ಬಜಾರಿನ ಬಳೆ ಅಂಗಡಿಯೊಂದರ ಮೇಲೆ ಇವರನ್ನೆಲ್ಲ ಕರೆದೊಯ್ಯುವ ಚಂದ್ರಕಾಂತ ಎಂಬವರ ಪ್ರವಾಸ ಕಚೇರಿಯಿದೆ. ಗೋಡೆಯ ತುಂಬ ಫೋಟೊಗಳು: ಬಣ್ಣದ ಕೊಡೆ ಎತ್ತಿ ಹಿಡಿದ ಗೈಡು, ಅವನ ಹಿಂದೆ ಟೋಪಿ ಹಾಕಿದ ನಗುಮುಖಗಳು. ಬಂಡೆಮ್ಮ ಒಂದರಲ್ಲೂ ಇಲ್ಲ. ಎಲ್ಲರಿಗಿಂತ ಹಿಂದೆ ನಡೆಯುವುದೇ ಅವಳ ಕೆಲಸವಾದ್ದರಿಂದ ಯಾವ ಕ್ಯಾಮೆರಾಕ್ಕೂ ಅವಳು ಸಿಕ್ಕಿಲ್ಲ. ಯಾರ ಚಪ್ಪಲಿ ಕಿತ್ತಿತು, ಯಾರಿಗೆ ತಲೆ ತಿರುಗಿತು, ಯಾರು ಮಣಿಸರದ ಅಂಗಡಿಯಲ್ಲಿ ಉಳಿದುಬಿಟ್ಟರು ಎಂದು ನೋಡಿಕೊಂಡು ಬರುವವಳು. ಕಚೇರಿಯಲ್ಲಿ ಅವಳಿಗೆ ಬಾಲಂಗೋಚಿ ಎಂದು ಹೆಸರು. ಸಂಕ್ರಾಂತಿಯಲ್ಲಿ ಪಟ ಹಾರಿಸಿದ ಯಾವ ಹುಡುಗನನ್ನು ಬೇಕಾದರೂ ಕೇಳಿ, ಬಾಲಂಗೋಚಿ ಇಲ್ಲದಿದ್ದರೆ ಪಟದ ಗತಿ ಏನಾಗುತ್ತದೆಂದು ಹೇಳುತ್ತಾನೆ. ಚಂದ್ರಕಾಂತರಿಗೂ ಇದು ಗೊತ್ತು. "ಗೈಡು ಬದಲಾದ್ರ ನಡೀತೈತಿ. ಬಂಡೆಮ್ಮ ಬರೂದಿಲ್ಲಂದ್ರ ಮಂದಿ ತಾರೀಕ ಮುಂದ ಹಾಕ್ತಾರ," ಎನ್ನುತ್ತಾರೆ.

ಚಂದ್ರಕಾಂತರು ಮೊದಲು ಕಾಶಿ, ರಾಮೇಶ್ವರಕ್ಕೆ ಬಸ್ಸು ಬಿಡುತ್ತಿದ್ದವರು. ಮಾಧಾಪುರದಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದವು, ಮಕ್ಕಳ ಕೈಗೆ ದೊಡ್ಡ ಸಂಬಳ ಬಂತು, ರಜೆ ಮಾತ್ರ ಬರಲಿಲ್ಲ. ತಾವು ಹೋಗಲಾರದ ಊರಿಗೆ ತಂದೆತಾಯಿಯನ್ನು ಕಳಿಸುವ ಹೊಸ ರೂಢಿ ಶುರುವಾಯಿತು. ಕಾಶಿಗೆ ಹೊರಡಬೇಕಾದವರು ಕೈರೋಕ್ಕೆ ಹೊರಟರು. ಕಾಶಿ ಬಸ್ಸಿನಲ್ಲಿ ಅಡುಗೆಯವರ ಕೈಕೆಳಗೆ ರೊಟ್ಟಿ ಬಡಿಯುತ್ತಿದ್ದ ಬಂಡೆಮ್ಮ ಈ ಕೆಲಸಕ್ಕೆ ತಾನಾಗಿ ಅರ್ಜಿ ಹಾಕಿದವಳಲ್ಲ. ಅಜ್ಜಿಯರೇ ಹಟ ಹಿಡಿದರು, ಆಕೆ ಬಂದರೆ ಮಾತ್ರ ನಾವು ಬರುತ್ತೇವೆ ಎಂದು.

ಯಾಕೆಂದರೆ ಆ ಕೈಗಳ ಗುಣವೇ ಹಾಗೆ. ಯಾದಗಿರಿ ಕಡೆಯ ಹಳ್ಳಿಯಿಂದ ಗೋಡೆ ಕಟ್ಟುವ ಗೌಂಡಿ ಕೆಲಸದ ಗಂಡ ತಾಯಪ್ಪನ ಜೊತೆ ಹೈದರಾಬಾದಿಗೆ ಬಂದವಳು, ಬಸ್ಸಿನ ಕೆಲಸಕ್ಕೆ ಸೇರುವ ಮೊದಲು ಬಹಳ ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಮಂಚದಿಂದ ಮನುಷ್ಯರನ್ನು ನೋಯಿಸದೆ ಎಬ್ಬಿಸುವುದು, ಸಂಕೋಚವಾಗದಂತೆ ನಡೆಸುವುದು ಅಲ್ಲಿ ಕಲಿತ ವಿದ್ಯೆ. ಸಹಿ ಮಾಡುವಷ್ಟು ಓದು. ಈಜಿಪ್ಟಿನ ಗೈಡುಗಳ ಜೊತೆ ದಖ್ಖನಿ ಉರ್ದುವಿನಲ್ಲೇ ಮಾತಾಡುತ್ತಾಳೆ, ಅವರು ಅರಬ್ಬಿಯಲ್ಲಿ ಉತ್ತರಿಸುತ್ತಾರೆ, ಹೇಗೋ ವ್ಯವಹಾರ ನಡೆದುಹೋಗುತ್ತದೆ. ಮೊದಲ ಸಲ ಹೋಗಿ ಬಂದಾಗ ತಾಯಪ್ಪ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಸಿಮೆಂಟ್ ಯಾವ ಕಂಪನೀದು?"

ಆ ಮೊದಲ ಪ್ರವಾಸ ನೆನೆದರೆ ಬಂಡೆಮ್ಮ ಈಗಲೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. ಸಕ್ಕಾರಾದಲ್ಲಿ ಗೈಡು ಒಂದು ಗೋರಿಯ ಬಾಗಿಲು ತೋರಿಸಿದ. ಗೋರಿ ಎಂದ ಮೇಲೆ ಮುಗಿಯಿತು. ದರ್ಗಾ, ಸಮಾಧಿ, ಗದ್ದುಗೆ ಎಂದು ನಡೆದುಕೊಂಡು ಬೆಳೆದ ಕಾಲುಗಳು ತಾವಾಗಿಯೇ ಚಪ್ಪಲಿ ಬಿಟ್ಟವು. ಬಂಡೆಮ್ಮ ಬಿಟ್ಟಳು, ಅವಳನ್ನು ನೋಡಿ ಅಜ್ಜಿಯರು ಬಿಟ್ಟರು, ಅಜ್ಜಿಯರನ್ನು ನೋಡಿ ಸೂಟು ತೊಟ್ಟ ಅಧಿಕಾರಿಗಳೂ ಬೂಟು ಬಿಚ್ಚಿದರು. ಸುಡುಬಿಸಿಲಿನಲ್ಲಿ ಸಾಲಾಗಿ ಇಟ್ಟ ಪಾದರಕ್ಷೆಗಳು! ಒಳಗಿಂದ ಬರುವಷ್ಟರಲ್ಲಿ ಮರಳೂ ಹೆಂಚು, ಚಪ್ಪಲಿಯೂ ಹೆಂಚು. "ಎಲ್ಲಾರೂ ಕುಣದಿದ್ದ ಕುಣದಿದ್ದು ನೋಡ್ರಿ. ಕಾವಲು ಕುಂತ ಮುದುಕ ನಕ್ಕು ನಕ್ಕು, ಕಡೀಕ ತನ್ನ ಕುಡಿಯೂ ನೀರ ಚಪ್ಪಲಿ ಮ್ಯಾಲ ಸುರುವಿದ," ಎನ್ನುತ್ತಾಳೆ. ಮುಂದಿನ ಪ್ರವಾಸಗಳಲ್ಲಿ ಚಪ್ಪಲಿ ಬಿಡಬೇಡಿ ಎಂದು ಅವಳು ಹೇಳಬಹುದಿತ್ತು, ಹೇಳಲಿಲ್ಲ. "ಸತ್ತವ್ರ ಮನಿ ಅದು. ಬಿಡಬ್ಯಾಡಂತ ಹ್ಯಾಂಗ ಹೇಳೂದ್ರಿ?" ಅಂದಿನಿಂದ ಸುಲ್ತಾನ್ ಬಜಾರಿನ ದಪ್ಪ ಕಾಲುಚೀಲಗಳ ಗಂಟು ಅವಳ ಹೆಗಲ ಚೀಲದಲ್ಲಿರುತ್ತದೆ. ಚಪ್ಪಲಿಗಳು ನೆರಳಿಗೆ, ಪಾದಗಳು ಕಾಲುಚೀಲದೊಳಗೆ, ಮರ್ಯಾದೆಯೂ ಉಳಿಯಿತು, ಪಾದವೂ ಉಳಿಯಿತು.

ಸೀರೆ ಚಪ್ಪರ ಹುಟ್ಟಿದ್ದು ಮಾತ್ರ ನಗುವ ಸಂಗತಿಯಿಂದಲ್ಲ. ಅದೇ ಪ್ರವಾಸದಲ್ಲಿ ಹಿರಿಯರೊಬ್ಬರು ಪಿರಮಿಡ್ಡಿನ ಒಳದಾರಿಯ ಅರ್ಧದಲ್ಲಿ ಕಾಲು ಸೋತು ಕುಳಿತುಬಿಟ್ಟರು. ಇಕ್ಕಟ್ಟಿನ ದಾರಿ, ಹತ್ತುವವರೂ ಇಳಿಯುವವರೂ ಅದರಲ್ಲೇ. ಹಿಂದಿನವರು ಗಾಬರಿಬಿದ್ದು ಕೂಗಾಡಿದರು. ಆ ಹಿರಿಯರಿಗೆ ಏನೂ ಆಗಲಿಲ್ಲ, ನಿಧಾನಕ್ಕೆ ಇಳಿಸಿ ತಂದರು. ಆದರೆ ಹೊರಗೆ ಕುಳಿತು ಆ ಕೂಗು ಕೇಳಿದ ಬಂಡೆಮ್ಮ ಇನ್ನೊಮ್ಮೆ ಅದನ್ನು ಕೇಳಲು ತಯಾರಿಲ್ಲ.

ಇವತ್ತು ಅವಳ ಕಣ್ಣು ಇರುವುದು ಕುಮುದಾಬಾಯಿಯವರ ಮೇಲೆ. ಎಪ್ಪತ್ತು ದಾಟಿದ ಇವರು ದೂರವಾಣಿ ಇಲಾಖೆಯಲ್ಲಿ ಆಪರೇಟರಾಗಿ ದುಡಿದು ನಿವೃತ್ತರಾದವರು, ಬರ್ಕತ್‌ಪುರದಲ್ಲಿ ಮಗನ ಜೊತೆ ಇದ್ದಾರೆ. ಪಿರಮಿಡ್ಡಿನ ಒಳಗೆ ಹೋಗಿಯೇ ಬರುತ್ತೇನೆಂದು ತಮ್ಮ ಭಜನಾ ಮಂಡಳಿಗೆಲ್ಲ ಸಾರಿಬಿಟ್ಟಿದ್ದಾರೆ. ನಿನ್ನೆ ಅವರ ಮಗ ಮಿಲಿಂದ ಬಂಡೆಮ್ಮನಿಗೆ ಗುಟ್ಟಾಗಿ ಫೋನು ಮಾಡಿದ್ದಾನೆ: "ಆಯಿ ಮೊಣಕಾಲ ಸರಿ ಇಲ್ಲ. ಒಳಗ ರಿಪೇರಿ ನಡದೈತಿ, ಬಾಗಿಲ ಹಾಕ್ಯಾರಂತ ಹೇಳಿಬಿಡ್ರಿ."

ಕುಮುದಾಬಾಯಿ ಸೀರೆಯ ಕೆಳಗೆ ಬಗ್ಗಿ, ಎಲ್ಲಿಯೂ ನಿಲ್ಲದೆ ಹತ್ತಿಬಿಡುತ್ತಾರೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಬಂಡೆಮ್ಮ ತಟ್ಟುವುದಿಲ್ಲ. "ಏರೂದು ಹುರುಪಿನ ಮ್ಯಾಲ ಆಗ್ತೈತ್ರಿ," ಎನ್ನುತ್ತಾಳೆ ಮೆಲ್ಲಗೆ. "ಇಳಿಯೂದಕ್ಕ ಮೊಣಕಾಲ ಬೇಕು."

ಇಳಿಯುವಾಗ ಕುಮುದಾಬಾಯಿಯ ಬಲಗಾಲು ಒಮ್ಮೆ ಅದುರುತ್ತದೆ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ನಿಲ್ಲುತ್ತಾರೆ. ಇನ್ನೆರಡು ಮೆಟ್ಟಿಲು ಇಳಿದು, ಊರು ನೋಡುವ ನೆಪದಲ್ಲಿ ಮತ್ತೆ ನಿಲ್ಲುತ್ತಾರೆ. ಬಂಡೆಮ್ಮ ಹೋಗಿ ಪಕ್ಕದಲ್ಲಿ ಕುಳಿತು, ಮೊಣಕಾಲ ಮೇಲೆ ಅಂಗೈ ಇಡುತ್ತಾಳೆ. ಹೂಂ ಎಂದರೆ ಆ ಇಕ್ಕಟ್ಟಿನಲ್ಲಿ ಈ ಕಾಲು ಎಲ್ಲರನ್ನೂ ಸಿಕ್ಕಿಸೀತು. ಉಹೂಂ ಎಂದರೆ ಈ ಹೆಂಗಸು ಪ್ರವಾಸವನ್ನೇ ಬಿಟ್ಟಾರು. ಮಿಲಿಂದ ಹೇಳಿಕೊಟ್ಟ ಸುಳ್ಳು ನಾಲಿಗೆಯ ತುದಿಯಲ್ಲೇ ಸಿದ್ಧವಿದೆ.

"ಬಾಯಾರ, ದೊಡ್ಡ ಪಿರಮಿಡ್ ಒಳಗ ನೀವು ಬ್ಯಾಡ್ರಿ," ಎಂದುಬಿಡುತ್ತಾಳೆ. "ಈ ಕಾಲು ಹತ್ತಸ್ತೈತಿ, ಇಳಸೂದಿಲ್ಲ."

ಕುಮುದಾಬಾಯಿಯವರ ಕಣ್ಣು ತುಂಬಿ ಬರುತ್ತದೆ. "ಟೆಲಿಫೋನ್ದಾಗ ಜನ್ಮಾ ತೆಗದೀನಿ, ಬಂಡೆಮ್ಮಾ. ಕೈರೋಕ್ಕ ಸುದ್ದಾ ಕಾಲ್ ಕೂಡಿಸಿ ಕೊಟ್ಟೀನಿ. ಆ ಕಡೆ ದನಿ ಕೇಳ್ತಿತ್ತು, ಊರು ಕಾಣ್ತಿರಲಿಲ್ಲ. ಈಗ ಬಾಗಿಲತನಾ ಹೋಗಿ ಹೊರಗ ನಿಲ್ಲಂತೀಯೇನು?"

"ಬಾಗಿಲು ಅದೊಂದ ಅಲ್ರೀ," ಎನ್ನುತ್ತಾಳೆ ಬಂಡೆಮ್ಮ. "ಮಧ್ಯಾಹ್ನ ಸಕ್ಕಾರಾದಾಗ ಒಂದು ಗೋರಿ ಐತಿ. ಅದಕ್ಕ ಏರಿಲ್ಲ, ಬಗ್ಗೂದಿಲ್ಲ. ತಲಿ ಎತ್ತಿಕೊಂಡು ಒಳಗ ಹೋಗ್ರಿ. ಗ್ವಾಡಿ ತುಂಬ ಚಿತ್ರಾ ಕೆತ್ಯಾರ, ಮಂದಿ ಕೆಲಸಾ ಮಾಡಾಕತ್ತಾರ. ದನಾ ಹೊಳಿ ದಾಟಾಕತ್ತಾವ. ಒಬ್ಬಾವ ಕರಾ ಬೆನ್ನ ಮ್ಯಾಲ ಹೊತ್ತಾನ. ಅದು ತಿರುಗಿ ತಾಯಿನ್ನ ನೋಡಾಕತ್ತೈತಿ. ನಂಗ ಭಾಳ ಸೇರ್ತೈತ್ರಿ ಅದು. ನಿಮ್ಮನ್ನ ನಾನ ಕೈ ಹಿಡದು ಅದರ ಮುಂದ ನಿಂದ್ರಸ್ತೀನಿ."

ಗುಡ್ಡದ ಕೆಳಗೆ ಮಿಲಿಂದ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. ತಾಯಿಯ ಮುಖ ನೋಡಿಯೇ ಸಂಗತಿ ಅರ್ಥವಾಗುತ್ತದೆ. "ಹೋಗ್ಲಿ ಬಿಡು ಆಯೀ, ಈ ಸಲ ಬ್ಯಾಡ. ಮುಂದ ಎಂದರ ನಾ ಕರಕೊಂಡು ಹೋಗ್ತೀನಿ."

"ಬ್ಯಾಡಂತ ಯಾರಂದ್ರು?" ಕುಮುದಾಬಾಯಿ ತಟ್ಟನೆ ತಿರುಗುತ್ತಾರೆ. "ಆಕಿ ಪಿರಮಿಡ್ ಒಳಗ ಬ್ಯಾಡಂದಾಳ. ಈಜಿಪ್ಟ್ ಬ್ಯಾಡಂದಿಲ್ಲ. ಏನರೆ ನೆಪಾ ಗಿಪಾ ಹೇಳಿದ್ರ ನಾ ಹಟಾ ಹಿಡದು ಹತ್ತತಿದ್ದೆ. ಖರೇ ಹೇಳಿದ್ಲು, ಕೇಳಿದೆ." ಮಿಲಿಂದ ನೆಲ ನೋಡುತ್ತಾನೆ. ತಾಯಿಗೆ ತನ್ನ ಫೋನಿನ ಸುದ್ದಿ ಗೊತ್ತಿಲ್ಲ, ಬಂಡೆಮ್ಮನೂ ಅದನ್ನು ಹೇಳುವುದಿಲ್ಲ. ಕಾರಿನ ಬಾಗಿಲು ಹಾಕಿಕೊಳ್ಳುವ ಮೊದಲು ಕುಮುದಾಬಾಯಿ ಕೇಳುತ್ತಾರೆ, "ಅವ್ರೆಲ್ಲಾ ಒಳಗ ಹೋದಾಗ ನೀ ಎಲ್ಲಿ ಕುಂದ್ರತಿ?"

"ಹೊರಗ್ರಿ, ಕಲ್ಲಿನ ನೆರಳಿಗೆ."

"ನಂಗೂ ಬಾಜೂಕ ಜಾಗಾ ಹಿಡಿ."

ಕಾರು ಹೊರಟ ಮೇಲೆ ಬಂಡೆಮ್ಮ ಸೀರೆ ಮಡಚಿ ಚೀಲಕ್ಕೆ ಹಾಕುತ್ತಾಳೆ. ಸುಳ್ಳು ಸುಲಭವಿತ್ತಲ್ಲ ಎಂದು ಕೇಳಿದರೆ ಅವಳ ಲೆಕ್ಕ ಬಹಳ ಸರಳ. "ಸುಳ್ಳು ಹೇಳಿದ್ರ, ಅಲ್ಲಿ ಹೋದಮ್ಯಾಲ ಉಳದವ್ರು ಒಳಗ ಹೋಗೂದು ಬಾಯಾರು ಕಣ್ಣಾರೆ ನೋಡ್ತಾರ. ಆವಾಗ ಅವರ ಮಾರಿ ನೋಡಬೇಕಾದಾಕಿ ನಾನ ಅಲ್ರೀ?"

ಇಷ್ಟು ಸಲ ಹೋಗಿ ಬಂದರೂ ಬಂಡೆಮ್ಮ ಆ ಪಿರಮಿಡ್ಡಿನ ಒಳಗೆ ಒಮ್ಮೆಯೂ ಕಾಲಿಟ್ಟಿಲ್ಲ. ಹೊರಗೆ ಉಳಿದವರ ಜೊತೆ ಯಾರಾದರೂ ಇರಬೇಕು, ಆ ಯಾರಾದರೂ ಯಾವಾಗಲೂ ಅವಳೇ. ಒಳಗೇನಿದೆ ಎಂದು ನೋಡುವ ಆಸೆ ಇಲ್ಲವೇ ಎಂದರೆ, ಹೆಗಲಿಗೆ ಚೀಲ ಏರಿಸಿಕೊಂಡು ನಗುತ್ತಾಳೆ.

"ಆಸೆ ಐತ್ರಿ, ಇಲ್ಲಂತ ಹೇಳೂದಿಲ್ಲ. ಆದ್ರ ಒಂದು ಮಾತು. ಕತ್ತಲದಾಗಿಂದ ಹೊರಗ ಬಂದಾಗ ಎಲ್ಲಾರ್ಗೂ ಬಿಸಲಿಗೆ ಕಣ್ಣು ಕುಕ್ತಾವ. ಕಣ್ಣ ಮ್ಯಾಲ ಕೈ ಇಟಗೊಂಡು ಮೊದಲ ಹುಡುಕೂದು ಯಾರ್ನ ಗೊತ್ತೇನ್ರಿ? ನನ್ನ."