ಶಾಮಿಯಾನದ ಹಿಂದಿನ ಗೋಡೆ

ನಮ್ಮಪ್ಪ ಮಂಚಯ್ಯನಿಗೆ ಸಿಟ್ಟು ಬರುವುದೇ ಸೈನಿಕರ ಮೇಲೆ. ತಾನೂ ಹವಾಲ್ದಾರನಾಗಿ ನಿವೃತ್ತನಾದವನೇ. ನಮ್ಮೂರು ಕಿರಂಗೂರಿನಲ್ಲಿ ಇವತ್ತಿಗೂ ಮಿಲಿಟ್ರಿ ಮಂಚಯ್ಯ ಅಂದರೇ ಗುರುತು. ಮೈಸೂರಿನಲ್ಲಿ ಹಳೆಯ ಸೈನಿಕರು ಸೇರಿ ಕಟ್ಟಿದ ಒಂದು ಟ್ರಸ್ಟಿದೆ. ಸೈನ್ಯದಲ್ಲಿರುವವರಿಗಾಗಲಿ, ಬಿಟ್ಟು ಬಂದವರಿಗಾಗಲಿ ದಿಢೀರನೆ ಕಷ್ಟ ಬಂದರೆ ಅವರ ಕಡೆಯವರೊಬ್ಬರು ಮನೆಗೆ ಬಂದು ನೋಡುತ್ತಾರೆ, ನಿಜವೆನಿಸಿದರೆ ಸಹಾಯ ಕೊಡುತ್ತಾರೆ. ಸಾಲವಲ್ಲ, ವಾಪಸ್ಸು ಕೊಡಬೇಕಾಗಿಲ್ಲ. ಕಷ್ಟದಲ್ಲಿರುವವರನ್ನು ಹುಡುಕಿ ಟ್ರಸ್ಟಿಗೆ ತಿಳಿಸುವ ಕೆಲಸವನ್ನು ಅಪ್ಪ ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದಾನೆ. ಸಂಬಳವಿಲ್ಲ, ಮೊಪೆಡ್ಡಿನ ಪೆಟ್ರೋಲೂ ಅವನದೇ.

ಇದೇನು ಪುಣ್ಯದ ಕೆಲಸ, ಜನ ಕೈಮುಗಿಯುತ್ತಾರೆ ಅಂದುಕೊಳ್ಳಬೇಡಿ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಅಂತ ಅಲೆದು ಬಂದು ಜಗಲಿಯ ಮೇಲೆ ಕೂತು ಅವನು ಬೈಯುವುದನ್ನು ಕೇಳಬೇಕು. ರಜಕ್ಕೆ ಬಂದ ಸೈನಿಕ ಮಿಲಿಟ್ರಿ ಕ್ಯಾಂಟೀನಿನ ರಮ್ ಬಾಟ್ಲಿ ತರದಿದ್ದರೆ ಊರು ಮೂತಿ ತಿರುಗಿಸುತ್ತದೆ. ಹಾಗಾಗಿ ಅವನು ಸಾಲ ಮಾಡಿಯಾದರೂ ತರುತ್ತಾನೆ. ಊರು ಕುಡಿದು, "ಇವನಿಗೇನ್ಲಾ, ಮಿಲಿಟ್ರಿ ದುಡ್ಡು" ಅನ್ನುತ್ತದೆ. ಅನ್ನಿಸಿಕೊಂಡವನು ಆಮೇಲೆ ಯಾವ ಬಾಯಲ್ಲಿ ಕಷ್ಟ ಹೇಳಿಕೊಳ್ಳುತ್ತಾನೆ? ಅಪ್ಪ ಹೋಗಿ ವಿಚಾರಿಸಿದರೆ ಎಲ್ಲರದೂ ಒಂದೇ ಉತ್ತರ: "ನಮಗೇನ್ ಕಮ್ಮಿ ಬುಡಿ."

"ಹೊಟ್ಟೆಗಿಟ್ಟಿಲ್ದಿದ್ರೂ ಜುಟ್ಟಿಗ್ ಮಲ್ಲಿಗೆ ಹೂವ" ಅಂತ ಅಪ್ಪ ಉಗಿಯುತ್ತಾನೆ. "ಬಾಯ್ಬುಟ್ಟು ಕೇಳುದ್ರೆ ಇವರ ನಾಲಿಗೆ ಸವ್ದೋಯ್ತದಾ?"

ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಮ್ಮ ಅಡಿಗೆಮನೆಯ ಸೂರು ಹೋದ ಮಳೆಗಾಲದಲ್ಲೇ ಕುಸಿದಿದೆ. ಅಮ್ಮ ಚಲುವಮ್ಮ ಹಿತ್ತಲಲ್ಲಿ ಎರಡು ತಗಡು ಮರೆ ಮಾಡಿಕೊಂಡು ಹೊಗೆಯಲ್ಲಿ ಕೆಮ್ಮುತ್ತಾ ಬೇಯಿಸುತ್ತಾಳೆ. ನಾನು ಪಾಂಡವಪುರಕ್ಕೆ ಮದುವೆಯಾಗಿ ಹೋದವಳು, ಅಲ್ಲೇ ಟೀಚರು. ರಿಪೇರಿ ಮಾಡಿಸ್ತೀನಿ ಅಂದರೆ, "ಕೊಟ್ಟ ಹೆಣ್ಣಿನ ದುಡ್ಡು ಮುಟ್ಟಾಕಿಲ್ಲ" ಅಂದ. ನಿನ್ನ ಟ್ರಸ್ಟಿಗೇ ಹೇಳಪ್ಪ ಅಂದರೆ, "ಅದು ಕಷ್ಟದಲ್ಲಿರೋರಿಗೆ ಕಣವ್ವ ಲತ" ಅಂದ. ಇಂಥವನ ಜೊತೆ ಏನು ಮಾತಾಡುವುದು?

ಈ ಸಲ ಚಿತ್ತೆ ಮಳೆಗೆ ಪಕ್ಕದ ಬೀದಿಯ ಪುಟ್ಟಲಕ್ಷ್ಮಮ್ಮನ ಮನೆಯ ಮಣ್ಣಿನ ಗೋಡೆ ಬಿತ್ತು. ಅವಳ ಮಗ ಸಿದ್ದೇಶ ಗಡಿಯಲ್ಲಿದ್ದಾನೆ. ಅವನ ಸಂಬಳವೆಲ್ಲ ಅವನಪ್ಪನ ಆಸ್ಪತ್ರೆ ಖರ್ಚಿಗೇ ಹೋಯಿತು, ಆ ಅಪ್ಪನೂ ಉಳಿಯಲಿಲ್ಲ. ಹೆಂಡತಿ ಪೂಜ ಹೆರಿಗೆಗೆ ನಾಗಮಂಗಲದ ತವರಿಗೆ ಹೋದವಳು, ಇನ್ನೇನು ಮಗುವಿನೊಂದಿಗೆ ಬರಬೇಕು. ಗೋಡೆಯಿಲ್ಲದ ಮನೆಗೆ ಬಾಣಂತಿಯನ್ನು ಕಳಿಸುವುದಿಲ್ಲ ಅಂತ ತವರಿನವರು ಖಡಾಖಂಡಿತವಾಗಿ ಹೇಳಿಬಿಟ್ಟರು. ಸಿದ್ದೇಶ ಹುಟ್ಟಿದ ಮಗುವಿನ ಮುಖವನ್ನು ಫೋನಿನಲ್ಲಿ ಮಾತ್ರ ನೋಡಿದ್ದ. ರಜ ಸಿಕ್ಕಾಗ ಮಗು ತನ್ನ ಮನೆಯಲ್ಲಿರಬೇಕು ಅನ್ನುವುದೊಂದೇ ಅವನ ಆಸೆ. ಕೊನೆಗೆ ಅವನೇ ನಮ್ಮಪ್ಪನಿಗೆ ಫೋನು ಮಾಡಿ, "ಮಾವ, ಅವ್ವನಿಗೆ ಏನಾರ ಹೇಳಿ ಒಪ್ಸಿ" ಅಂದ. ಟ್ರಸ್ಟಿನ ಸಹಾಯ ತೆಗೆದುಕೊಳ್ಳಲು ಅಪ್ಪ ಅವಳನ್ನು ಒಪ್ಪಿಸಿದ. ಭಾನುವಾರ ಟ್ರಸ್ಟಿನ ರವೀಂದ್ರ ಅನ್ನುವವರು ಮನೆ ನೋಡಲು ಬರುವುದೆಂದಾಯಿತು.

ನಾನೂ ಅವತ್ತು ಊರಿಗೆ ಬಂದಿದ್ದೆ, ಅಪ್ಪ ಮತ್ತು ರವೀಂದ್ರರ ಜೊತೆ ಪುಟ್ಟಲಕ್ಷ್ಮಮ್ಮನ ಮನೆಗೆ ಹೋದೆ. ಬಾಗಿಲಿಗೆ ಮಾವಿನ ತೋರಣ. ಒಳಗೆ ಅದೇ ಬೀದಿಯ ಲಾರಿ ನಾಗರಾಜುವಿನ ಮನೆಯ ಸೋಫಾ. ಮೂಲೆಯಲ್ಲಿ ಇನ್ಯಾರದೋ ಫ್ರಿಜ್ಜು, ಅದಕ್ಕೆ ಕರೆಂಟೇ ಕೊಟ್ಟಿರಲಿಲ್ಲ. ಬಿದ್ದ ಗೋಡೆಯ ಜಾಗದಲ್ಲಿ ಸೂರಿನಿಂದ ನೆಲದವರೆಗೆ ಕೆಂಪು ಹಳದಿ ಶಾಮಿಯಾನ ಬಟ್ಟೆ ಬಿಗಿದಿತ್ತು. ನಾಟಿಕೋಳಿ ಸಾರಿನ ಘಮ ಬೀದಿಗೆ ಬಡಿಯುತ್ತಿತ್ತು. ಪುಟ್ಟಲಕ್ಷ್ಮಮ್ಮ ರೇಷ್ಮೆ ಸೀರೆಯುಟ್ಟು ನಿಂತಿದ್ದಳು. ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆ ನೋಡಲು ಬರುವಾಗ ಅಕ್ಕಪಕ್ಕದ ಸಾಮಾನು ತಂದು ಜೋಡಿಸುತ್ತಾರೆ. ಮನೆ ನೋಡಲು ಬರುವವರಿಗೆ ಮಾಡುವ ಮರ್ಯಾದೆ ಅಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಪಾಪ, ಏನೂ ಕುಂದಿಲ್ಲದಂತೆ ಮಾಡಿದ್ದಳು.

ಅಪ್ಪನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಗೋಡೆ ಎಲ್ಲಿ ಬಿದ್ದಿರೋದಮ್ಮ?" ಅಂದರು ರವೀಂದ್ರ.

"ಒಂಚೂರು ಮಣ್ಣು ಉದುರ್ತು ಸಾಮಿ, ಅಷ್ಟೆಯ. ನಮಗೇನ್ ಕಮ್ಮಿ ಬುಡಿ. ಮೊದ್ಲು ಉಣ್ಣಿ."

ರವೀಂದ್ರ ಫೋಟೋ ತೆಗೆಯಲೆಂದು ಹಿಡಿದಿದ್ದ ಫೋನನ್ನು ಜೇಬಿಗಿಟ್ಟರು. "ಮಂಚಯ್ಯನವರೇ, ಇವರಿಗಿಂತ ಕಷ್ಟದಲ್ಲಿರೋರು ಬಹಳ ಜನ ಕಾಯ್ತಿದ್ದಾರೆ" ಅಂದರು. ಅವರ ದನಿಯಲ್ಲಿ ಬೇಸರವಿತ್ತು.

ಅಪ್ಪ ಶಾಮಿಯಾನದ ಬಟ್ಟೆಗೆ ಅಡ್ಡವಾಗಿದ್ದ ಸೋಫಾವನ್ನು ಒಂದೇ ಸಲಕ್ಕೆ ಪಕ್ಕಕ್ಕೆ ತಳ್ಳಿದ. ಪುಟ್ಟಲಕ್ಷ್ಮಮ್ಮ ಓಡಿಬಂದು ಬಟ್ಟೆಗೆ ಬೆನ್ನು ಕೊಟ್ಟು ನಿಂತಳು.

"ಅಕ್ಕ, ಅಡ್ಡ ನಿಂತ್ಕಬ್ಯಾಡ. ಈಚೆಗ್ ಬಾ."

ಅವಳು ಅಲ್ಲಾಡಲಿಲ್ಲ. ಅಪ್ಪ ಅವಳ ತಲೆಯ ಮೇಲಿಂದಲೇ ಬಟ್ಟೆ ಹಿಡಿದು ಎಳೆದ. ಹಿಂದೆ ಗೋಡೆಯೇ ಇರಲಿಲ್ಲ. ಒದ್ದೆ ಮಣ್ಣಿನ ಗುಡ್ಡೆ, ಅದರಾಚೆ ಹಿತ್ತಲು, ಅಲ್ಲಿ ಕಟ್ಟಿದ್ದ ಎಮ್ಮೆ ನಮ್ಮನ್ನೇ ನೋಡುತ್ತಾ ಮೆಲುಕು ಹಾಕುತ್ತಿತ್ತು.

"ನನ್ ಮಗನ ಮಾನ ಕಳ್ದ್ಬುಟ್ಟೆಯಲ್ಲ ಮಂಚಣ್ಣ" ಅಂತ ಅವಳು ಕುಸಿದು ಕೂತು ಅತ್ತಳು.

"ಆ ಹಸುಗೂಸು ಶೀತದಲ್ಲಿ ಮಲಗುದ್ರೆ ಓಗೋದು ಮಾನ" ಅಂದ ಅಪ್ಪ. "ಕಷ್ಟ ಏಳ್ಕಂಡ್ರೆ ಓಗಾಕಿಲ್ಲ ಕಣಕ್ಕ."

ರವೀಂದ್ರ ಫೋಟೋ ತೆಗೆದುಕೊಂಡರು. ಪೂಜ ಬರುವಷ್ಟರಲ್ಲಿ ಗೋಡೆ ಎದ್ದಿರುತ್ತದೆ ಅಂತ ಮಾತು ಕೊಟ್ಟು, ಪುಟ್ಟಲಕ್ಷ್ಮಮ್ಮನ ಸಮಾಧಾನಕ್ಕೆ ಎರಡು ತುತ್ತು ಉಂಡರು. ನಿಜ ಹೇಳುತ್ತೇನೆ, ಅಪ್ಪನ ಬಗ್ಗೆ ನನಗೆ ಆ ಹೊತ್ತು ಹೆಮ್ಮೆಯಾಗಿತ್ತು. ಆ ಹೆಮ್ಮೆ ನಮ್ಮ ಮನೆಯ ಬಾಗಿಲವರೆಗೂ ಬಾಳಲಿಲ್ಲ.

ಕಾಫಿಗೆ ಬನ್ನಿ ಅಂತ ಕರೆದ ಅಪ್ಪ ನಮಗಿಂತ ಮುಂಚೆ ಓಡಿದ. ನಾವು ಬರುವಷ್ಟರಲ್ಲಿ ಅಡಿಗೆಮನೆಯ ಬಾಗಿಲಿಗೆ ಚಿಲಕ ಬಿದ್ದು, ಅದರ ಮೇಲೆ ಅಮ್ಮನ ಒಳ್ಳೆಯ ಸೀರೆ ಪರದೆಯಾಗಿ ತೂಗುತ್ತಿತ್ತು. ಅಮ್ಮ ಹೊಗೆಗೆ ಕೆಂಪಾದ ಕಣ್ಣಲ್ಲಿ ಹಿತ್ತಲಿಂದ ಕಾಫಿ ತಂದಳು.

"ಅಡಿಗೆ ಆಚೆ ಮಾಡ್ತೀರಾ?" ರವೀಂದ್ರ ಕೇಳಿದರು.

"ಗ್ಯಾಸಿನ ಕಾಫಿ ರುಚಿ ಇರಾಕಿಲ್ಲ ಸಾರ್" ಅಂದ ಅಪ್ಪ, ಕಣ್ಣು ಮಿಟುಕಿಸದೆ. "ಇವಳಿಗೆ ಸೌದೆ ಒಲೆಯೇ ಆಗ್ಬೇಕು."

ಅಮ್ಮ ನನ್ನ ಮುಖ ನೋಡಿದಳು. ಬಂದವರೆದುರು ಅಪ್ಪನ ಮಾತನ್ನು ಸುಳ್ಳು ಮಾಡಲು ನನಗೆ ನಾಲಿಗೆ ಏಳಲಿಲ್ಲ. ನನ್ನ ಮೇಲೂ ಸಿಟ್ಟು ಬಂತು.

ಅಷ್ಟರಲ್ಲಿ ಪುಟ್ಟಲಕ್ಷ್ಮಮ್ಮ ಬಂದಳು. ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಕ್ಯಾರಿಯರಿನಲ್ಲಿ ಕೋಳಿ ಸಾರು ತಂದಿದ್ದಳು. ಅಪ್ಪನ ಮಾತು ಕಿವಿಗೆ ಬಿದ್ದಿರಬೇಕು. ಕ್ಯಾರಿಯರನ್ನು ಕೆಳಗಿಟ್ಟು, ಸೀದಾ ಹೋಗಿ ಸೀರೆಯನ್ನು ಎಳೆದು ಚಿಲಕ ತೆಗೆದಳು. ಒಳಗಿನಿಂದ ಬಿಸಿಲು ನಮ್ಮ ಕಾಲ ಬಳಿಗೆ ಬಂತು. ಮುರಿದ ತೊಲೆ, ಚೂರಾದ ಹೆಂಚು, ಒಲೆಯ ಮೇಲೆ ಹುಲ್ಲು.

ಅಪ್ಪ ಎದ್ದುಹೋಗಿ ಬಾಗಿಲಿಗೆ ಅಡ್ಡ ನಿಂತ. "ಅದೇನ್ ಇಲ್ಲ ಸಾರ್, ನಮಗೇನ್ ಕಮ್ಮಿ" ಅನ್ನುತ್ತಲೇ ಅವನ ದನಿ ಉಡುಗಿತು. ತಾನು ಏನು ಹೇಳುತ್ತಿದ್ದೇನೆಂದು ಅವನಿಗೇ ಕೇಳಿಸಿರಬೇಕು.

"ಮಂಚಣ್ಣ" ಅಂದಳು ಪುಟ್ಟಲಕ್ಷ್ಮಮ್ಮ ಮೆಲ್ಲಗೆ. ಅವಳ ಕಣ್ಣು ಇನ್ನೂ ಆರಿರಲಿಲ್ಲ. "ಅಡ್ಡ ನಿಂತ್ಕಬ್ಯಾಡ. ಈಚೆಗ್ ಬಾ."

ಅಮ್ಮ ಹೋಗಿ ಅವನ ತೋಳು ಹಿಡಿದು ಈಚೆಗೆ ಕರೆದುಕೊಂಡಳು. ರವೀಂದ್ರ ಮತ್ತೆ ಫೋನು ತೆಗೆದರು.