ಕರಿಸಿದ್ದಪ್ಪನ ಬುರುಡೆ

ಹರಿಯಬ್ಬೆಯ ಬರಗೇರಮ್ಮ ಹಟ ಹಿಡಿದರೆ ಊರಿನಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಎದುರಾಡಿ ಗೆದ್ದವರು ಇರಲಿಲ್ಲ, ಅದಕ್ಕೆ. ಕುರುಬರ ಹೆಂಗಸು, ಹುಟ್ಟಿದಾಗಿನಿಂದ ಉಣ್ಣೆ ನೂತವಳು. ಅವಳು ನೂತ ಉಣ್ಣೆಯ ಕಂಬಳಿಗಳು ಹಿರಿಯೂರಿನ ಸಂತೆಗೆ ಹೋಗುತ್ತಿದ್ದವು, ಅವಳು ಹೋಗಿರಲಿಲ್ಲ.

ಊರೂರು ತಿರುಗಿದ್ದೆಲ್ಲ ಅವಳ ಗಂಡ ಕರಿಸಿದ್ದಪ್ಪ. ಮಳೆಗಾಲ ಕಳೆದರೆ ಕುರಿ ಹೊಡೆದುಕೊಂಡು ಹೊರಟುಬಿಡುತ್ತಿದ್ದ. ತಿರುಗಿ ಬಂದಾಗ ಕಟ್ಟೆಯ ಮೇಲೆ ಕೂತು ಕಂಡದ್ದನ್ನೆಲ್ಲ ಹೇಳುತ್ತಿದ್ದ. ಹಿರಿಯೂರಿನ ತೇರುಮಲ್ಲೇಶ್ವರನ ಗುಡಿಯಲ್ಲಿ ತಲೆ ಎತ್ತಿದರೆ ಸೂರಿನ ತುಂಬ ಬಣ್ಣದ ದೇವರುಗಳಂತೆ. ಹೊಸದುರ್ಗದ ಕಡೆ ಹಾಲುರಾಮೇಶ್ವರದಲ್ಲಿ ಗಂಗಮ್ಮನ ಕೊಳದ ಮುಂದೆ ಕೈಮುಗಿದು ಕೂತರೆ ನೀರಿನೊಳಗಿಂದ ತೆಂಗಿನಕಾಯಿಯ ಪ್ರಸಾದ ತಾನಾಗಿ ತೇಲಿ ಬರುತ್ತದಂತೆ. ಹೊಳಲ್ಕೆರೆಯ ಬಯಲು ಗಣಪತಿಗೆ ಬೆನ್ನ ಮೇಲೆ ಹೆಂಗಸರ ಹಾಗೆ ಜಡೆಯಂತೆ. ದುರ್ಗದ ಚಂದ್ರವಳ್ಳಿಯಲ್ಲಿ ನೆಲದ ಕೆಳಗೊಂದು ಮನೆಯಂತೆ, ಕೋಣೆಯೊಳಗೆ ಕೋಣೆ, ಗೋಡೆಗೆ ಬಣ್ಣ, ಮಲಗಲು ಕಲ್ಲಿನ ಮಂಚ. ಗಣಪತಿಯ ಜಡೆ ಬರುವ ಹೊತ್ತಿಗೆ ಕಟ್ಟೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ‘ಬುರುಡೆ ಕರಿಸಿದ್ದ’ ಎಂದು ಹೆಸರಿಟ್ಟವನು ಬೇರೆ ಯಾರೂ ಅಲ್ಲ, ಬರಗೇರಮ್ಮನ ಸ್ವಂತ ತಮ್ಮ ತಿಪ್ಪೇರುದ್ರಪ್ಪ.

ಕರಿಸಿದ್ದಪ್ಪ ಸತ್ತ. ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕಾಲು ತೊಳೆಯುವಾಗ ಯಾರೋ, “ಬುರುಡೆ ಕರಿಸಿದ್ದ ಹೋದ ಪಾಪ,” ಎಂದದ್ದು ಒಳಗಿದ್ದ ಹೆಂಡತಿಗೆ ಕೇಳಿಸಿತು. ಅವಳು ಸುಗ್ಗಿ ಮುಗಿದು ಎತ್ತುಗಳಿಗೆ ಬಿಡುವಾದ ಮೇಲೆ ತಮ್ಮನ ಮನೆಗೆ ಬಂದು ಬಾಗಿಲಲ್ಲೇ ನಿಂತಳು.

“ನಿಮ್ ಭಾವ ನಿಜ ಹೇಳಿದ್ನೋ ಸುಳ್ಳು ಹೇಳಿದ್ನೋ, ನಾನು ಕಣ್ಣಾರೆ ನೋಡ್ಬೇಕು. ಹೆಸರಿಟ್ಟೋನು ನೀನು. ಗಾಡೀನೂ ನೀನೇ ಹೊಡಿ,” ಎಂದಳು. ಗಂಡನ ಹೆಸರನ್ನು ಬಾಯಲ್ಲಿ ಆಡುವವಳಲ್ಲ ಅವಳು. ತಮ್ಮನ ಮುಂದೆ ಅವನು ಯಾವತ್ತೂ ‘ನಿಮ್ ಭಾವ’.

ತಿಪ್ಪೇರುದ್ರಪ್ಪ ಹುಲ್ಲಿಲ್ಲ ಅಂದ, ಗಾಡಿಯ ಅಚ್ಚು ಸರಿಯಿಲ್ಲ ಅಂದ. ಕೊನೆಗೆ ಗಾಡಿ ಕಟ್ಟಿದ. ಅವಳು ಬುತ್ತಿ ಇಟ್ಟುಕೊಂಡು, ಗಂಡನ ಕರಿ ಕಂಬಳಿ ಹಾಸಿಕೊಂಡು ಕೂತಳು.

ಎತ್ತುಗಳು ಅವಸರ ಮಾಡಲಿಲ್ಲ, ಅವಳೂ ಮಾಡಲಿಲ್ಲ. ನೆರಳು ಕಂಡಲ್ಲಿ ಬಿಚ್ಚುವುದು, ನೀರು ಕಂಡಲ್ಲಿ ರೊಟ್ಟಿ ತಿನ್ನುವುದು. ಹಿರಿಯೂರಿನ ಗುಡಿಯಲ್ಲಿ ಅವಳು ಕಂಬಳಿ ಹಾಸಿ ಅಂಗಾತ ಮಲಗಿಬಿಟ್ಟಳು. ಪೂಜಾರಿ ಹುಬ್ಬು ಗಂಟಿಕ್ಕಿದ. ಅವಳು ಲೆಕ್ಕಿಸದೆ, “ಶಿವನ ಮದುವೆ ದಿಬ್ಬಣ ನೋಡೋ, ಅಲ್ಲಿ ರಾಮದೇವರು, ಕಪಿಗಳ ದಂಡು,” ಎಂದು ಒಂದೊಂದಾಗಿ ಹೇಳುತ್ತ ಹೋದಳು. ತಿಪ್ಪೇರುದ್ರಪ್ಪ ಹೊರಗೆ ನಿಂತ ಎತ್ತುಗಳ ಚಿಂತೆಯಲ್ಲಿದ್ದ. ಕತ್ತೆತ್ತಿ ನೋಡುವ ಗೋಜಿಗೆ ಹೋಗಲಿಲ್ಲ.

ಮಾರಿಕಣಿವೆಯ ಅಣೆಕಟ್ಟೆ ಆಗಿನ್ನೂ ಹೊಸತು. ಎರಡು ಗುಡ್ಡಗಳ ನಡುವೆ ನಿಂತ ನೀರನ್ನು ನೋಡಿ ಅವನೇ ಬಾಯಿ ಬಿಟ್ಟ. ಅವಳು ಮಾತ್ರ ಕೈಯನ್ನು ಹಣೆಗೆ ಅಡ್ಡ ಹಿಡಿದು, “ಹೂಂ, ನಿಮ್ ಭಾವ ಹೇಳ್ದಂಗೇ ಐತೆ,” ಎಂದು ಗಾಡಿ ಹತ್ತಿದಳು.

ಹಾಲುರಾಮೇಶ್ವರದಲ್ಲಿ ಗುಟ್ಟು ಹೊರಬಿತ್ತು. ಕೊಳದ ಸುತ್ತ ಜನ ಕಾದು ಕೂತಿದ್ದರು. ಇವರ ಸರದಿ ಬಂತು. ಬಹಳ ಹೊತ್ತು ಏನೂ ಬರಲಿಲ್ಲ. ನೀರಿನಲ್ಲಿ ಗುಳ್ಳೆ ಎದ್ದ ಸದ್ದಾಯಿತು, ಜನ “ಬಂತು, ಬಂತು” ಎಂದರು.

“ನೋಡ್ದೇನೋ ತಿಪ್ಪ, ಕಾಯಿ. ತೆಂಗಿನಕಾಯಿ ಬಂತು,” ಎಂದಳು ಬರಗೇರಮ್ಮ, ಮುಖ ಅರಳಿಸಿಕೊಂಡು.

ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ತೇಲುತ್ತಿದ್ದವು ಎರಡು ಬಾಳೆಹಣ್ಣು. ಕಾಯಿ ಬಂದದ್ದು ಕರಿಸಿದ್ದಪ್ಪನ ಕತೆಯಲ್ಲಿ.

ತಿಪ್ಪೇರುದ್ರಪ್ಪ ಹಣ್ಣುಗಳನ್ನು ಎತ್ತಿಕೊಂಡ. ಅಕ್ಕನನ್ನು ಕೈಹಿಡಿದು ಮರದ ಕೆಳಗೆ ಕರೆತಂದು ಕೂರಿಸಿದ.

“ಅಕ್ಕ, ನಿಂಗೆ ಕಣ್ಣು ಕಾಣಾಕಿಲ್ಲ.”

“ಬೆಳಕು ಕಾಣ್ತೈತೆ,” ಎಂದಳು. “ಪೊರೆ ಬಂದು ಎರಡು ವರ್ಷಾತು. ಹಿರಿಯೂರಾಗೆ ಬಣ್ಣ ಮಸುಕಾಗಿ ಕಾಣ್ತು, ದೇವ್ರು ಕಾಣ್ಲಿಲ್ಲ. ಹೇಳಿದ್ರೆ ನೀನು ಗಾಡಿ ತಿರುಗಿಸ್ತಿದ್ದೆ.”

“ಈಗ್ಲೂ ತಿರುಗಿಸ್ತೀನಿ. ಕಾಣ್ದೋಳಿಗೆ ಹೊಳಲ್ಕೆರೆ ಯಾಕೆ, ದುರ್ಗ ಯಾಕೆ?”

“ನಿನ್ ಕಣ್ಣು ನೆಟ್ಟಗವೆ ತಾನೆ? ನೀನು ನೋಡು, ನಂಗೆ ಹೇಳು. ನಿಮ್ ಭಾವ ಹೇಳಿದ್ದನ್ನ ನಂಗೇ ತಿರುಗಿ ಹೇಳ್ಬ್ಯಾಡ. ಅದು ನಂಗೆ ಬಾಯಿಪಾಠ ಐತೆ. ನೀನು ಕಂಡಿದ್ದು ಹೇಳು. ಇಲ್ಲಾಂದ್ರೆ ಇಲ್ಲ ಅನ್ನು.”

ಅವನಿಗೆ ಸಿಟ್ಟು ಬಂತು, ಅಳುವೂ ಬಂತು. ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿಗೆ ಆ ಬಾಳೆಹಣ್ಣು ಹಿಚುಕಿಕೊಂಡು ಇಬ್ಬರೂ ತಿಂದರು. ಆಮೇಲೆ ಅವನು ಎತ್ತುಗಳ ಮೂತಿಯನ್ನು ಹೊಳಲ್ಕೆರೆಯ ಕಡೆಗೇ ತಿರುಗಿಸಿದ.

ಅಲ್ಲಿ ಗಣಪತಿ ಬಯಲಿನಲ್ಲಿ ಬಿಸಿಲಿಗೆ ಕೂತಿದ್ದ. ಬರಗೇರಮ್ಮ ಮುಂದೆ ಕೈಮುಗಿದು ನಿಂತಳು. ತಮ್ಮನನ್ನು ಹಿಂದಕ್ಕೆ ಅಟ್ಟಿದಳು. ಅವನು ಕಾಲೆಳೆಯುತ್ತ ಸುತ್ತಿ ಹೋದವನು ಬೇಗ ಬರಲಿಲ್ಲ.

“ಏನಪ್ಪ, ಎಲ್ಲಿ ಸತ್ತೆ?” ಎಂದು ಕೂಗಿದಳು.

“ಜಡೆ ಐತಕ್ಕ,” ಎಂಬ ಧ್ವನಿ ಗಣಪತಿಯ ಬೆನ್ನ ಹಿಂದಿನಿಂದ ಬಂತು.

ಅವನು ಈಚೆ ಬಂದಾಗ ಮುಖ ಸಣ್ಣಗಾಗಿತ್ತು. ಅವಳು ಚುಚ್ಚಲಿಲ್ಲ. ಚುಚ್ಚಿದ್ದರೆ ಅವನಿಗೆ ಹಗುರವಾಗುತ್ತಿತ್ತು. ದುರ್ಗದ ದಾರಿಯುದ್ದಕ್ಕೂ ಅವಳು ಕೇಳದೆಯೇ ಅವನು ಹೇಳತೊಡಗಿದ: ಗುಡ್ಡದ ಮೇಲೆ ಗುಡ್ಡ ಕೂತಿದೆ, ಹುಣಸೆ ಮರಕ್ಕೆ ಜೇನು ಕಟ್ಟಿದೆ, ಅಗೋ ಕೋಟೆಯ ಗೋಡೆ. ಮಾತು ಬಾರದ ಮನುಷ್ಯ, ಮೊದಮೊದಲು ಎಲ್ಲವೂ ಅವನಿಗೆ ‘ದೊಡ್ಡದು’ ಅಥವಾ ‘ಸಣ್ಣದು’. ಅವಳು, “ಎಂಥಾ ದೊಡ್ಡದು, ಯಾವ ಬಣ್ಣ?” ಎಂದು ಪೀಡಿಸಿ ಪೀಡಿಸಿ ಹೇಳಿಸಿದಳು.

ಚಂದ್ರವಳ್ಳಿಯಲ್ಲಿ ಮಠದ ಹಾಲಸ್ವಾಮಿ ಎಂಬ ಮುದುಕ ದೀವಟಿಗೆ ಹಿಡಿದು ಮುಂದೆ ಇಳಿದ. ಮೆಟ್ಟಿಲು ಕಡಿದಾಗಿತ್ತು. “ಅಮ್ಮಾರು ಮ್ಯಾಲೇ ಕುಂತ್ಕಳ್ರಿ,” ಎಂದು ಅವನು ಹೇಳುವಷ್ಟರಲ್ಲಿ ಅವಳು ಗೋಡೆ ಸವರಿಕೊಂಡು ಅರ್ಧ ಇಳಿದಾಗಿತ್ತು. ತಿಪ್ಪೇರುದ್ರಪ್ಪ ಅವಳ ಸೆರಗಿನ ಹಿಂದೆಯೇ ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಳುತ್ತ ಇಳಿದ. ಕೋಣೆಯೊಳಗೆ ಕೋಣೆ ಹೌದು. ಗೋಡೆಗೆ ಬಣ್ಣ ಹೌದು, ಕೆಂಪು, ಅಲ್ಲಲ್ಲಿ ಉದುರಿದೆ.

“ಮಂಚ?” ಎಂದಳು.

ಅವನು ಹಿಂದೆ ಮುಂದೆ ನೋಡಿದ. ಹೌದು ಅಂದುಬಿಡೋಣ ಅನ್ನಿಸಿತು. ಆದರೆ ಕಂಡದ್ದನ್ನೇ ಹೇಳು ಎಂದಿದ್ದಳು.

“ಮಂಚ ಅಲ್ಲಕ್ಕ. ಕಲ್ಲಿನ ಜಗಲಿ.”

ಬರಗೇರಮ್ಮ ಕೈಯಾಡಿಸಿ ಜಗಲಿಯನ್ನು ಹುಡುಕಿದಳು. ಕರಿ ಕಂಬಳಿ ಹಾಸಿದಳು, ಉದ್ದಕ್ಕೆ ಮಲಗಿದಳು, ಕಾಲು ಚಾಚಿ ನೋಡಿದಳು.

“ಮಲಗಾಕೆ ಆಗ್ತೈತೆ. ಮಂಚಾನೇ ಇದು,” ಎಂದಳು. ಆ ವಿಷಯದಲ್ಲಿ ಮತ್ತೆ ಮಾತಿಲ್ಲ. ಅವಳು ಮುಖ ಗೋಡೆಗೆ ಹಾಕಿ ಉದುರಿದ ಬಣ್ಣವನ್ನು ಬೆರಳಿಂದ ಸವರುತ್ತ ಮಲಗಿದ್ದಳು. ಹಾಲಸ್ವಾಮಿ ಅವಸರ ಮಾಡಲಿಲ್ಲ.

ಹರಿಯಬ್ಬೆಗೆ ಬಂದ ಸಂಜೆ ತಿಪ್ಪೇರುದ್ರಪ್ಪ ಅಕ್ಕನನ್ನು ಕೈಹಿಡಿದು ಕಟ್ಟೆಗೆ ಕರೆತಂದು ಎಲ್ಲರ ಮುಂದೆ ಹೇಳಿದ. ಜಡೆ, ಬಾಳೆಹಣ್ಣು, ನೆಲದ ಕೆಳಗಿನ ಮನೆ, ಒಂದನ್ನೂ ಬಿಡಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಗೆಳೆಯ ಬೀರಪ್ಪ ಮೊದಲು ಕಿಸಕ್ಕೆಂದ. ಆಮೇಲೆ ಇಡೀ ಕಟ್ಟೆ ನಕ್ಕಿತು.

“ಬುರುಡೆ ಕರಿಸಿದ್ದ ಸತ್ತ ಅಂದ್ಕಂಡಿದ್ವಿ. ಬುರುಡೆ ತಿಪ್ಪ ಹುಟ್ಯಾನೆ ನೋಡ್ರಪ್ಪ,” ಎಂದ ಬೀರಪ್ಪ.

ತಿಪ್ಪೇರುದ್ರಪ್ಪ ಎದ್ದು ನಿಂತ. “ನಾನು ನೋಡೀನಿ ಕಣ್ರೋ, ಈ ಕಣ್ಣಾಗೆ ನೋಡೀನಿ,” ಎಂದ. ಎಂದವನಿಗೆ ಗಕ್ಕನೆ ನೆನಪಾಯಿತು. ಇದೇ ಕಟ್ಟೆಯ ಮೇಲೆ, ಇದೇ ಮಾತನ್ನು, ಇದೇ ಧ್ವನಿಯಲ್ಲಿ ಭಾವ ಎಷ್ಟು ಸಲ ಹೇಳಿದ್ದ, ತಾನು ಎಷ್ಟು ಸಲ ನಕ್ಕಿದ್ದ.

ಬರಗೇರಮ್ಮ ಅವನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

“ಕುಂತ್ಕ ತಿಪ್ಪ. ಎತ್ತು ನಾಕು ದಿನ ಮೇಯ್ಲಿ,” ಎಂದಳು. “ಆಮ್ಯಾಲೆ ಬೀರಪ್ಪನ್ನೂ ಹತ್ತಿಸ್ಕಂಡು ಹೋಗಾಣ.”