ವಿಮಲಾಳ ಪದ್ಯಗಳೂ ನನ್ನ ಗುಮಾನಿಯೂ

ನಿನ್ನೆ ಬೀರುವಿನ ಮೇಲಿನ ಖಾನೆ ಒರೆಸುವಾಗ ಒಂದು ತೆಳ್ಳನೆಯ ಇಂಗ್ಲಿಷ್ ಪದ್ಯಪುಸ್ತಕ ಕೈಗೆ ಸಿಕ್ಕಿತು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಬರೆದವಳು ವಿಮಲಾ. ಇಲ್ಲೇ ವಿಜಯನಗರದ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ ಅವಳು ಇಂಗ್ಲಿಷ್ ಮೇಡಂ. ಪುಸ್ತಕ ಕೊಟ್ಟು ಆರು ವರ್ಷವಾಗಿದೆ, ನಾನು ಒಮ್ಮೆಯೂ ತೆರೆದಿರಲಿಲ್ಲ. ಯಾಕೆ ಅಂತ ಕೇಳುತ್ತೀರಾ? ಸಿಟ್ಟು ಸ್ವಾಮಿ, ಅಪ್ಪಟ ಸಿಟ್ಟು.

ನನ್ನದು ಹುಟ್ಟಾ ಅನುಮಾನದ ಸ್ವಭಾವ. ತೆಂಗಿನಕಾಯಿ ಕೊಂಡರೆ ಮೂರು ಸಲ ಅಲ್ಲಾಡಿಸುತ್ತೇನೆ. ಹೂವಿನಾಕೆ ಮೊಳ ಹಾಕುವಾಗ ಹೂವನ್ನಲ್ಲ, ಅವಳ ಮೊಣಕೈಯನ್ನು ನೋಡುತ್ತೇನೆ. ಯಾರಾದರೂ ಸೀರೆ ಚೆನ್ನಾಗಿದೆ ಅಂದರೆ, ಇವರಿಗೆ ನನ್ನಿಂದ ಏನಾಗಬೇಕು ಅಂತಲೇ ಮೊದಲ ಯೋಚನೆ. ಅಂಥವಳ ಗೆಳತಿ ಬರೆಯುತ್ತಿದ್ದುದು ಎಂಥ ಪದ್ಯ ಗೊತ್ತೇ? ಪದ್ಯ ಬರೆಯುವುದು ಹೇಗೆ ಎನ್ನುವುದರ ಬಗ್ಗೆ ಪದ್ಯ! ಖಾಲಿ ಹಾಳೆಯ ಮೇಲೊಂದು, ಹೊಡೆದುಹಾಕಿದ ಸಾಲಿನ ಮೇಲೊಂದು, ನೆನಪಿಗೆ ಬಾರದ ಪದದ ಮೇಲೆ ಮೂರು. ದೋಸೆ ಹುಯ್ಯದೆ ಕಾವಲಿಯನ್ನೇ ತಿಕ್ಕುತ್ತಾ ಕೂತ ಹಾಗೆ. ಇದರಲ್ಲೇನೋ ಮೋಸವಿದೆ ಎಂದೇ ನನ್ನ ಗುಮಾನಿ.

ಆದರೂ ಅವಳು ಓದಿ ತೋರಿಸುತ್ತಿದ್ದುದು ನನಗೇ. ಮಧ್ಯಾಹ್ನದ ಬಿಡುವಿನಲ್ಲಿ ಊಟದ ಡಬ್ಬಿ ತೆರೆದಿಟ್ಟುಕೊಂಡು ಒಂದೊಂದೇ ಸಾಲು ಓದುವಳು. "ಅಂದ್ರೆ ಏನೇ?" ಅಂತ ನಾನು ಕೇಳುವೆ. ಅವಳು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ತಡವರಿಸಿದರೆ ಆ ಸಾಲಿಗೆ ಅಲ್ಲೇ ಪೆನ್ಸಿಲ್ ಗೀಟು. ಎಷ್ಟೋ ಘನವಾದ ಇಂಗ್ಲಿಷ್ ಶಬ್ದಗಳು ನನ್ನ ಉಪ್ಪಿನಕಾಯಿಯ ಪಕ್ಕದಲ್ಲೇ ಪ್ರಾಣ ಬಿಟ್ಟವು.

ಒಂದು ದಿನ ವಿಜ್ಞಾನದ ಮೇಡಂ ಒಂದು ಝೆರಾಕ್ಸ್ ಹಾಳೆ ತಂದುಕೊಟ್ಟರು. ಯಾವುದೋ ಪತ್ರಿಕೆಯಲ್ಲಿ ಬಂದ ವಿಮಲಾಳ ಪದ್ಯ. "ನಿಮ್ ಬಗ್ಗೆನೇ ಬರ್ದಿದಾರೆ ನೋಡಿ ಮಿಸ್" ಅಂತ ನಗು ಬೇರೆ. ಓದಿದೆ. ಡಬ್ಬಿ ಹಿಡಿದು ಕೂತ ಒಬ್ಬ ಗೆಳತಿ. ಅವಳಿಗೆ ಪದ್ಯದ ಗಂಧಗಾಳಿಯಿಲ್ಲ. ಎಲ್ಲದರ ಮೇಲೂ ಅನುಮಾನ. ಅಷ್ಟಕ್ಕೆ ಹಾಳೆ ಮುಗಿದಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು.

ಜಗಳವಾಡಲಿಲ್ಲ. ಜಗಳಕ್ಕಿಂತ ಕೆಟ್ಟದ್ದು ಮಾಡಿದೆ. ಮರುದಿನದಿಂದ ಅವಳು ಏನು ಓದಿದರೂ "ಚೆನ್ನಾಗಿದೆ ಕಣೇ" ಅಂದೆ. ಒಂದಕ್ಷರ ಅರ್ಥವಾಗದಿದ್ದರೆ "ತುಂಬಾ ಚೆನ್ನಾಗಿದೆ!" ಅವಳ ಮುಖ ಅರಳುತ್ತಿತ್ತು, ಪೆನ್ಸಿಲ್ ಚೀಲದಿಂದ ಹೊರಗೇ ಬರುತ್ತಿರಲಿಲ್ಲ. ಒಂದಲ್ಲ, ಎರಡು ವರ್ಷ ಹೀಗೆ ನಡೆಸಿದೆ. ಪುಸ್ತಕ ಅಚ್ಚಾಯಿತು, ಇಬ್ಬರೂ ನಿವೃತ್ತರಾದೆವು, ಅವಳು ಹೇರೋಹಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡು ಹೋದಳು. ನಾನು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ನಿನ್ನೆ ಪುಸ್ತಕ ತೆರೆದರೆ ಅದೇ ಪದ್ಯ. ಪುಟ ಮಗುಚಿದೆ. ಅಯ್ಯೋ, ಪದ್ಯ ಅಲ್ಲಿಗೆ ಮುಗಿದೇ ಇಲ್ಲ! ಆ ಪುಣ್ಯಾತ್ಮರು ಝೆರಾಕ್ಸ್ ಮಾಡಿಸಿದ್ದು ಮೊದಲ ಪುಟ ಮಾತ್ರ. "ಆ ಗೆಳತಿಗೆ ಬಿಡಿಸಿ ಹೇಳಲು ನನಗೆ ಬರುವವರೆಗೆ ನನ್ನ ಹತ್ತಿರ ಪದ್ಯವೇ ಇಲ್ಲ, ನನ್ನನ್ನು ಸುಳ್ಳಿನಿಂದ ಕಾಯುವವಳು ಅವಳೊಬ್ಬಳೇ" ಎಂದು ವಿಮಲಾ ಎರಡನೆಯ ಪುಟದಲ್ಲಿ ಬರೆದಿದ್ದಳು. ಮೂವತ್ತು ವರ್ಷ ಮಕ್ಕಳಿಗೆ "ಹಾಳೆ ಮಗುಚಿ ನೋಡಿದ್ಯಾ?" ಅಂತ ಗದರಿದವಳು ನಾನು. ಥೂ, ನನ್ನ ಜನ್ಮಕ್ಕಿಷ್ಟು!

ಇವತ್ತು ಬೆಳಿಗ್ಗೆ ಆಟೋ ಹತ್ತಿ, ಗುಂಡಿಗುಂಡಿಗೂ ಸೊಂಟ ಹಿಡಿದುಕೊಂಡು ಹೇರೋಹಳ್ಳಿಗೆ ಹೋದೆ. ಒಂದೂ ಬಿಡದೆ ಎಲ್ಲ ಹೇಳಿದೆ.

"ಪ್ರಕಾಶಕರು ಅರ್ಧಕ್ಕರ್ಧ ತೆಗ್ದುಬಿಡಿ ಅಂದಿದ್ರು" ಅಂದಳು ವಿಮಲಾ. "ಅವರ ಜೊತೆ ಜಗಳ ಆಡಿ ಉಳಿಸ್ಕೊಂಡೆ. ನೀನು ಚೆನ್ನಾಗಿದೆ ಅಂದಿದ್ಯಲ್ಲ ಅಂತ. ಪುಸ್ತಕ ಬಂದ್ಮೇಲೆ ನಾನೇ ಕೂತು ಓದ್ದೆ. ಓದಕ್ಕಾಗ್ಲಿಲ್ಲ ಕಣೇ. ಆಮೇಲೆ ಒಂದ್ ಸಾಲೂ ಬರ್ದಿಲ್ಲ."

ನನಗೆ ಅಳು ಬಂದುಬಿಟ್ಟಿತು. "ತಪ್ಪಾಯ್ತು ಕಣೇ" ಅಂದೆ. ಅವಳು ಎದ್ದು ಒಳಗೆ ಹೋಗಿ ಎರಡು ಲೋಟ ಕಾಫಿ ತಂದಿಟ್ಟಳು. ಒಂದು ಗುಟುಕು ಕುಡಿದೆ. ಹದವಾದ ಕಾಫಿ, ದೇವರಾಣೆಗೂ.

"ಚೆನ್ನಾಗಿದೆ ಕಣೇ" ಅಂದೆ.

ವಿಮಲಾ ನನ್ನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ತನ್ನ ಲೋಟ ಎತ್ತಿಕೊಂಡು ತಾನೇ ಒಂದು ಗುಟುಕು ಕುಡಿದು ನೋಡಿದಳು.